ಮಾವನ ಹೆಬ್ಬೆಟ್ಟನ್ನು ಕ್ಯಾಮೆರಾದಲ್ಲಿ ಹಿಡಿದದ್ದು

ರೇಷನ್ ಅಂಗಡಿಯ ಯಂತ್ರ ನಮ್ಮ ಸೋದರಮಾವನ ಹೆಬ್ಬೆಟ್ಟನ್ನು 3 ಸಲವೂ ಒಪ್ಪಲಿಲ್ಲ. ಪಾಂಡವಪುರದ ಕಡೆಯ ಆಲೆಮನೆಯಲ್ಲಿ ವರ್ಷಗಟ್ಟಲೆ ಕಬ್ಬು, ಸುಣ್ಣ, ಬಿಸಿ ಬೆಲ್ಲ ಮುಟ್ಟಿದ ಕೈ ಅದು. ಗೆರೆಗಳೆಲ್ಲ ಸವೆದಿದ್ದವು. ಹೊರಗೆ ಬಂದು ಮಾವ ಅಂದರು: "ನನ್ ಕೈ ನಂದಲ್ವಂತೆ ಕಣ್ಲಾ."

ಆ ಮಾತು ನನ್ನನ್ನು ಬಿಡಲಿಲ್ಲ. 18 ನಿಮಿಷದ ಕಿರುಚಿತ್ರ ಬರೆದೆ. ಅದರಲ್ಲಿ ಮೊದಲು ಯಂತ್ರ ಕಥಾನಾಯಕನನ್ನು ಗುರುತಿಸುವುದಿಲ್ಲ. ಆಮೇಲೆ ಮನೆಯ ನಾಯಿಯೂ ಅವನನ್ನು ನೋಡಿ ಬೊಗಳುತ್ತದೆ. ಮಾವನೇ ನಟಿಸಿದರು.

ಸವೆದ ಬೆರಳನ್ನು ತೋರಿಸುವುದೇ ದೊಡ್ಡ ಕೆಲಸವಾಯಿತು. ಎದುರಿನಿಂದ ಲೈಟ್ ಬಿಟ್ಟರೆ ಯಾರ ಬೆರಳಾದರೂ ನುಣ್ಣಗೇ ಕಾಣುತ್ತದೆ. ಎರಡು ದಿನ ಸುಮ್ನೆ ಹೋಯಿತು. ಮೂರನೇ ದಿನ ಲೈಟನ್ನು ಪಕ್ಕಕ್ಕೆ ತಂದು, ಹೆಚ್ಚುಕಡಿಮೆ ಚರ್ಮದ ಮಟ್ಟಕ್ಕೇ ಇಳಿಸಿದೆ. ಆಗ ಒಂದೊಂದು ಗೆರೆಗೂ ನೆರಳು ಬಿತ್ತು. ಅದೇ ಬೆಳಕಿನಲ್ಲಿ ಮೊದಲು ಒಬ್ಬ ಹುಡುಗನ ಹೆಬ್ಬೆಟ್ಟು ತೆಗೆದೆ, ಆಮೇಲೆ ಮಾವನದು. ಹುಡುಗನದು ಉತ್ತ ಹೊಲದ ಹಾಗಿತ್ತು. ಮಾವನದು ಬಟ್ಟ ಬಯಲು. ಇಷ್ಟು ಹತ್ತಿರದಿಂದ ತೆಗೆಯುವಾಗ ಉಸಿರಾಡಿದರೂ ಫೋಕಸ್ ತಪ್ಪುತ್ತೆ, ಅಲ್ವಾ? ಮಾವ ಮಣಿಕಟ್ಟನ್ನು ಬೆಲ್ಲದ ಅಚ್ಚಿನ ಮಣೆಯ ಮೇಲೆ ಊರಿ ಕೂತರು.

ಕೊಪ್ಪರಿಗೆಯ ಹಬೆಯೂ ಜಾಸ್ತಿ ಕಾಡಿತು. ಬೆಳಗಿನ ಚಳಿಯಿಂದ ಕ್ಯಾಮೆರಾ ಒಳಗೆ ತಂದ ಕೂಡಲೇ ಲೆನ್ಸ್ ಮಂಜಾಗುತ್ತಿತ್ತು. ಮಾರನೇ ದಿನದಿಂದ ಚೀಲದ ಬಾಯಿ ತೆಗೆಯದೆ ಅರ್ಧ ಗಂಟೆ ಮೊದಲೇ ಒಳಗಿಟ್ಟೆ. ಗಾಜು ಬೆಚ್ಚಗಾದ ಮೇಲೆ ತೊಂದರೆ ಇರಲಿಲ್ಲ. ಟ್ಯೂಬ್‌ಲೈಟಿನ ಮಿಣುಕಿಗೆ ಉಪಾಯ ಸುಲಭ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು. ಅದಕ್ಕೆ ಹೊಂದುವಂತೆ ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 1/50 ಭಾಗ ಇಟ್ಟೆ.

ಗಾಣದ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಗಾಣ ನಿಂತ ಮೇಲೆ ರಾತ್ರಿ ಮಾತುಗಳನ್ನು ಬೇರೆಯಾಗಿ ರೆಕಾರ್ಡ್ ಮಾಡಿದೆವು. ಮೈಸೂರಿನಲ್ಲಿ ಎಡಿಟಿಂಗ್ ಮಾಡುವಾಗ ಗೆಳೆಯನೊಬ್ಬ, "ಈ ಮಾತು ಎಲ್ಲರಿಗೂ ಅರ್ಥ ಆಗಲ್ಲ, ಪುಸ್ತಕದ ಕನ್ನಡ ಹಾಕಿಸು" ಅಂದ. ನಾನು ಒಪ್ಪಲಿಲ್ಲ. ಕೈಯಂತೂ ಅವರದಲ್ಲ ಅಂತ ಆಗಿದೆ. ಬಾಯಿಯನ್ನೂ ಕಿತ್ತುಕೊಳ್ಳಲೇ?

ಮೊದಲ ಪ್ರದರ್ಶನ ಆಲೆಮನೆಯಲ್ಲೇ, ಬಿಳಿ ಪಂಚೆ ಕಟ್ಟಿ ಮಾಡಿದೆವು. ಹೆಬ್ಬೆಟ್ಟು ಪಂಚೆಯ ತುಂಬ ಬಂದಾಗ ಮಾತು ನಿಂತಿತು. ಮುಗಿದ ಮೇಲೆ ಮೂರು ನಾಲ್ಕು ಜನ ಎದ್ದು ಬಂದರು. ಪ್ರೊಜೆಕ್ಟರ್ ಬೆಳಕಿಗೆ ಹೆಬ್ಬೆಟ್ಟನ್ನು ಓರೆಯಾಗಿ ಹಿಡಿದು ತಮ್ಮ ತಮ್ಮ ಗೆರೆ ಹುಡುಕತೊಡಗಿದರು.