ಗಾರ್ಡ್‌ಗಳ ಕೂಲಿ ಲೆಕ್ಕ: ಕಾರ್ಮಿಕ ನಿರೀಕ್ಷಕನಾಗಿ ನಾನು ತಪಾಸಣೆ ಮಾಡುವ ಕ್ರಮ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸೆಕ್ಯುರಿಟಿ ಡ್ಯೂಟಿ ಅಂದರೆ ಸಾಮಾನ್ಯವಾಗಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು, ಇಲ್ಲವೇ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ಏಜೆನ್ಸಿಯ ಪುಸ್ತಕದಲ್ಲಿ ಮಾತ್ರ ಎಲ್ಲರದೂ ಎಂಟು ಗಂಟೆ. ಕನಿಷ್ಠ ವೇತನದ ದರ ಅಲ್ಲಿ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಹಣ ಸೋರುವುದು ಬರೆಯದೆ ಬಿಟ್ಟ ನಾಲ್ಕು ಗಂಟೆಯಲ್ಲಿ. ಅದಕ್ಕೇ ಮೊದಲು ಗಂಟೆ ಹಿಡಿಯುತ್ತೇನೆ, ದರ ಆಮೇಲೆ.

ಗೇಟಿಗೆ ಹೋಗುವುದು ಏಳೂವರೆಗೆ. ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಎರಡೂ ಪಾಳಿಯವರು ಸಿಗುತ್ತಾರೆ. ಹಾಜರಿ ಪುಸ್ತಕವನ್ನು ಮೊದಲು ಕೇಳಬಾರದು. ಕೇಳಿದರೆ ಸೂಪರ್‌ವೈಸರ್ ಆಫೀಸಿಗೆ ಫೋನ್ ಹಚ್ಚುತ್ತಾನೆ, ಗೇಟಿನಲ್ಲಿದ್ದ ಪುಸ್ತಕಗಳು ಅಷ್ಟರಲ್ಲಿ ಕಾಣೆಯಾಗುತ್ತವೆ. ಮೊದಲು ನೋಡುವುದು ಸಂದರ್ಶಕರ ಪುಸ್ತಕ, ಚಾರ್ಜ್ ಕೊಟ್ಟು ತೆಗೆದುಕೊಳ್ಳುವ ಪುಸ್ತಕ, ನೀರಿನ ಟ್ಯಾಂಕರ್ ಬಂದ ಹೊತ್ತು ಬರೆದ ಚೀಟಿ. ಬೆಳಿಗ್ಗೆ ಎಂಟೂಕಾಲಿಗೂ ರಾತ್ರಿ ಏಳೂವರೆಗೂ ಒಂದೇ ಕೈಬರಹವಿದ್ದರೆ ಅರ್ಧ ಕೆಲಸ ಮುಗಿದಂತೆ. ಪುಟ ಸಂಖ್ಯೆ, ದಿನಾಂಕ ಕಾಣುವ ಹಾಗೆ ಪ್ರತಿ ತೆಗೆದು, ಪುಸ್ತಕವನ್ನೇ ವಶಕ್ಕೆ ತೆಗೆದುಕೊಂಡರೆ ಪಟ್ಟಿ ಮಾಡಿ ರಸೀದಿ ಕೊಡಬೇಕು.

ಇದಕ್ಕಿಂತ ಗಟ್ಟಿ ಸಾಕ್ಷ್ಯ ನಿವಾಸಿಗಳ ಸಂಘದ ಫೈಲಿನಲ್ಲಿರುತ್ತದೆ: ಏಜೆನ್ಸಿ ಸಂಘಕ್ಕೆ ಕೊಟ್ಟ ಬಿಲ್ಲು. ಅದರಲ್ಲಿ ‘12 ಗಂಟೆ ಶಿಫ್ಟ್, ಇಷ್ಟು ಗಾರ್ಡ್’ ಎಂದು ಏಜೆನ್ಸಿಯೇ ಬರೆದುಕೊಟ್ಟಿರುತ್ತದೆ. ದುಡ್ಡು ಕೇಳುವಾಗ ಹನ್ನೆರಡು ಗಂಟೆ, ಕೂಲಿ ಕೊಡುವಾಗ ಎಂಟು ಗಂಟೆ ಎಂದು ಒಂದೇ ಸಂಸ್ಥೆ ಎರಡು ಮಾತು ಹೇಳಿದ ಮೇಲೆ ಅದರ ವಾದ ಊರ್ಜಿತವಾಗುವುದು ಕಷ್ಟ.

ಗಾರ್ಡ್‌ಗಳನ್ನು ಒಬ್ಬೊಬ್ಬರನ್ನಾಗಿ, ಸೂಪರ್‌ವೈಸರ್ ಕಣ್ಣಿಗೆ ಬೀಳದ ಕಡೆ ಮಾತಾಡಿಸಬೇಕು. ‘ಎಷ್ಟು ಗಂಟೆ ಕೆಲಸ?’ ಎಂದರೆ ಹೇಳಿಕೊಟ್ಟ ಉತ್ತರವೇ ಬರುತ್ತದೆ. ‘ಬೆಳಿಗ್ಗೆ ಯಾವ ಬಸ್ಸಿಗೆ ಬರ್ತೀರಿ? ನಿಮ್ಮಿಂದ ಚಾರ್ಜ್ ತಗೊಳ್ಳೋರು ಯಾರು? ಊಟಕ್ಕೆ ಹೋದಾಗ ಗೇಟಲ್ಲಿ ಯಾರಿರ್ತಾರೆ?’ ಎಂದು ಕೇಳುತ್ತೇನೆ. ಕೊನೆಯ ಪ್ರಶ್ನೆ ಬಹಳ ಮುಖ್ಯ. ಗೇಟಿನಲ್ಲೇ ಕುಳಿತು ಉಂಡು, ಕಾರು ಬಂದಾಗ ಎದ್ದು ಹೋಗುವವರಿಗೆ ಬಿಡುವು ಸಿಕ್ಕಿತು ಎನ್ನಲಾಗದು. ಅಸ್ಸಾಂ, ಒಡಿಶಾ, ಬಿಹಾರದಿಂದ ಬಂದವರ ಹೇಳಿಕೆಯನ್ನು ಏಜೆನ್ಸಿಗೆ ಸೇರದ ದುಭಾಷಿಯ ಮೂಲಕ ಪಡೆದು, ಓದಿ ಹೇಳಿ, ಆಮೇಲೆ ಸಹಿ. ದೂರು ಕೊಟ್ಟವರು ಒಬ್ಬರೇ ಆಗಿದ್ದರೂ ಹೇಳಿಕೆ ಎಲ್ಲರದೂ ಬೇಕು. ಇಲ್ಲದಿದ್ದರೆ ಆ ಒಬ್ಬರು ಮಾರನೆಯ ದಿನವೇ ಊರಾಚೆಯ ಸೈಟಿಗೆ ವರ್ಗವಾಗುತ್ತಾರೆ.

ಈಗ ನಮೂನೆ ಟಿ, ಅಂದರೆ ಹಾಜರಿ ಮತ್ತು ವೇತನ ಎರಡೂ ಸೇರಿದ ಪುಸ್ತಕ. ಎಲ್ಲರ ಸಹಿಯೂ ಒಂದೇ ಪೆನ್ನಿನಲ್ಲಿ, ಒಂದೇ ಒತ್ತಡದಲ್ಲಿ ಇದ್ದರೆ ಒಂದೇ ಸಲ ಕೂತು ಬರೆದದ್ದು. ಹೆಚ್ಚು ಕಾಣುವ ಕೈಚಳಕ ದಿನ ಕಡಿತ: ಮೂವತ್ತು ದಿನ ದುಡಿದವರಿಗೆ ಹದಿನೆಂಟು ದಿನ ಎಂದು ತೋರಿಸಿ, ಆ ಹದಿನೆಂಟಕ್ಕೆ ಸರಿಯಾದ ದರ ಹಾಕಿರುತ್ತಾರೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆಯ ವಿವರದಲ್ಲೂ ಅದೇ ಹದಿನೆಂಟು ಇರುವುದರಿಂದ ದಾಖಲೆಗೆ ದಾಖಲೆ ತಾಳೆಯಾಗುತ್ತದೆ. ಗೇಟಿನ ಪುಸ್ತಕಕ್ಕೆ ಮಾತ್ರ ಆಗುವುದಿಲ್ಲ. ಇನ್ನೊಂದು, ಬ್ಯಾಂಕಿಗೆ ಪೂರ್ತಿ ಹಾಕಿ ನಗದಾಗಿ ವಾಪಸು ಪಡೆಯುವುದು. ಪಾಸ್‌ಬುಕ್ ಸಾಲಾಗಿ ಇಟ್ಟು ನೋಡಿದರೆ ಹಲವರ ಖಾತೆಯಿಂದ ಒಂದೇ ದಿನ, ಒಂದೇ ಎಟಿಎಂನಲ್ಲಿ, ಒಂದೇ ಮೊತ್ತ ಹೊರಗೆ ಹೋಗಿರುತ್ತದೆ. ಎಟಿಎಂ ಕಾರ್ಡು ಯಾರ ಬಳಿ ಇದೆ ಎಂದು ಕೇಳಲು ಮರೆಯಬಾರದು.

ಲೆಕ್ಕಕ್ಕೆ ಒಂದು ಊಹೆಯ ದರ ಇಟ್ಟುಕೊಳ್ಳೋಣ: ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,600 ರೂಪಾಯಿ. ವಾರದ ರಜೆ ಕಳೆದು ಉಳಿಯುವ 26 ದಿನದಿಂದ ಭಾಗಿಸಿದರೆ ದಿನಕ್ಕೆ 600, ಎಂಟರಿಂದ ಭಾಗಿಸಿದರೆ ಗಂಟೆಗೆ 75, ಓಟಿಗೆ, ಅಂದರೆ ಹೆಚ್ಚುವರಿ ಗಂಟೆಯ ದುಡಿಮೆಗೆ, ದುಪ್ಪಟ್ಟು 150. ವಾರಕ್ಕೆ ಆರು ದಿನ, ಹನ್ನೆರಡು ಗಂಟೆಯಂತೆ 72, ಮಿತಿ 48, ಹೆಚ್ಚುವರಿ 24, ಅಂದರೆ ದಿನಕ್ಕೆ ನಾಲ್ಕು. 26 ದಿನಕ್ಕೆ 104 ಗಂಟೆ, ಓಟಿ 15,600. ಒಟ್ಟು ಬರಬೇಕಾದ್ದು 31,200. ಕೈಗೆ ಬಂದದ್ದು 18,000 ಆದರೆ ಬಾಕಿ 13,200. ಒಂದು ಗಂಟೆ ಬಿಡುವು ನಿಜವಾಗಿಯೂ ಸಿಗುತ್ತಿದ್ದರೆ ಓಟಿ 78 ಗಂಟೆ, ಬಾಕಿ 9,300. ಊಟದ ಪ್ರಶ್ನೆಯೊಂದಕ್ಕೆ ತಿಂಗಳಿಗೆ 3,900 ರೂಪಾಯಿ ತೂಕವಿದೆ. ವಾರದ ರಜೆಯಲ್ಲೂ ದುಡಿಸಿದ್ದರೆ ಆ ಲೆಕ್ಕ ಬೇರೆ ಕಾಲಂನಲ್ಲಿ.

ತುಟ್ಟಿಭತ್ಯೆ ಏಪ್ರಿಲ್ 1ಕ್ಕೆ ಬದಲಾಗುವುದರಿಂದ ಮಾರ್ಚ್‌ವರೆಗಿನ ಮತ್ತು ಏಪ್ರಿಲ್ ನಂತರದ ಲೆಕ್ಕ ಬೇರೆ ಬೇರೆ ಹಾಳೆಯಲ್ಲಿರಲಿ. ವೇತನದ ದರ ಯಾವ ವಲಯದ್ದು ಎಂದು ನೋಡುವಾಗ ಏಜೆನ್ಸಿಯ ಕಚೇರಿ ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ, ಗಾರ್ಡ್ ನಿಲ್ಲುವ ಗೇಟು ಎಲ್ಲಿದೆ ಎಂಬುದಷ್ಟೇ. ತುಟ್ಟಿಭತ್ಯೆಯನ್ನು ಪ್ರತ್ಯೇಕ ಕಾಲಂನಲ್ಲಿ ತೋರಿಸಿಲ್ಲ ಎಂಬುದೊಂದನ್ನೇ ತಪ್ಪೆಂದು ಬರೆದರೆ ಪ್ರಕರಣ ಬೀಳುತ್ತದೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ ಒಂದೇ ಮೊತ್ತವೆಂದು ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಸಮವಸ್ತ್ರ, ತರಬೇತಿ, ಠೇವಣಿ ಎಂದು ಹಿಡಿದ ಹಣವನ್ನು ಕಾನೂನು ಅನುಮತಿಸಿದ ಕಡಿತಗಳ ಪಟ್ಟಿಯ ಮುಂದಿಟ್ಟು ಒಂದೊಂದಾಗಿ ಹೊಡೆದುಹಾಕಬೇಕು.

1948ರ ಕನಿಷ್ಠ ವೇತನ ಕಾಯ್ದೆಯಡಿ ಬಾಕಿ ಕೇಳುವ ಅರ್ಜಿಗೆ ಆರು ತಿಂಗಳ ಗಡುವಿತ್ತು. ದರವೇ ಕಡಿಮೆಯಾಗಿದ್ದರೆ ವ್ಯತ್ಯಾಸದ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದಿತ್ತು. ಓಟಿ ಬಾಕಿಗೆ ಪರಿಹಾರ ಹತ್ತು ರೂಪಾಯಿ ಮೀರುವಂತಿರಲಿಲ್ಲ. ಗಂಟೆ ಮುಚ್ಚಿಡುವುದು ಮಾಲೀಕರಿಗೆ ಲಾಭದ ದಾರಿಯಾಗಿದ್ದಕ್ಕೆ ಇದೂ ಒಂದು ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಗಡುವು ಮೂರು ವರ್ಷ, ಹತ್ತು ಪಟ್ಟಿನವರೆಗಿನ ಪರಿಹಾರ ಇಡೀ ಕ್ಲೇಮಿಗೆ ಅನ್ವಯ, ಹಣ ಕೊಟ್ಟಿದ್ದೇವೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕರದು. ಹಾಗೆಂದು ನಮ್ಮ ಕೋಷ್ಟಕ ಸಡಿಲವಾಗಬಾರದು. ಒಟ್ಟು ಮೊತ್ತವೊಂದನ್ನೇ ಬರೆದ ಅರ್ಜಿ ಮೊದಲ ಪಾಟೀ ಸವಾಲಿಗೇ ಕುಸಿಯುತ್ತದೆ. ಪ್ರತಿ ಗಾರ್ಡ್‌ಗೆ ಒಂದು ಹಾಳೆ, ಪ್ರತಿ ತಿಂಗಳಿಗೆ ಒಂದು ಸಾಲು, ಪ್ರತಿ ಸಾಲಿಗೆ ಯಾವ ಪುಸ್ತಕದ ಯಾವ ಪುಟ ಎಂಬ ಉಲ್ಲೇಖ. ನಮ್ಮ ನೋಟಿಸು ಏಜೆನ್ಸಿಯ ಬೋರ್ಡಿನ ಮೇಲಿರುವ ಹೆಸರಿಗೆ ಹೋಗಬಾರದು. ಪರವಾನಗಿಯಲ್ಲಿರುವ ಮಾಲೀಕರ ಹೆಸರಿಗೆ ಹೋಗಬೇಕು.

ಏಜೆನ್ಸಿ ಬಾಕಿ ಕಟ್ಟಲು ಒಪ್ಪಿದರೂ ನಗದಿಗೆ ನಾನು ಒಪ್ಪುವುದಿಲ್ಲ. ಖಾತೆಗೆ ಜಮೆಯಾದ ಮೇಲೆ ಒಂದು ತಿಂಗಳು ಬಿಟ್ಟು ಪಾಸ್‌ಬುಕ್ ಮತ್ತೆ ತರಿಸಿ ನೋಡುತ್ತೇನೆ. ಅಷ್ಟರೊಳಗೆ ಕೆಲಸ ಬಿಡಿಸಿದ್ದರೆ ಎರಡು ಕೆಲಸದ ದಿನಗಳೊಳಗೆ ಪೂರ್ತಿ ಲೆಕ್ಕ ಚುಕ್ತಾ ಆಗಿರಬೇಕು. ಆಗಿಲ್ಲವಾದರೆ ಅದೇ ಫೈಲಿನಲ್ಲಿ ಎರಡನೇ ನೋಟಿಸು.