ಮನೆಮಾತಿನ ಪಾಠ ಮಕ್ಕಳಿಗೆ ಹಿಡಿಸುತ್ತದಾ? ಕಾಳು ಹಾಕಿಸಿ ಕೇಳಿದ್ದು

"ಮಾತೃಭಾಷೇಲಿ ಪಾಠ ಇಷ್ಟನಾ?" ಅಂತ ಕೇಳಿದರೆ ಇಡೀ ತರಗತಿ "ಹ್ಞೂಂ ಸಾರ್" ಅನ್ನುತ್ತದೆ. ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ಮಕ್ಕಳ ಲೆಕ್ಕದಲ್ಲಿ ಮಾತೃಭಾಷೆ ಅಂದರೆ ಶಾಲೆಯ ಕನ್ನಡ. ನಮ್ಮ ಚಳ್ಳಕೆರೆ ಕಡೆ ಮನೆಯಲ್ಲಿ ಆಡುವುದು ತೆಲುಗೋ ಲಂಬಾಣಿಯೋ ಉರ್ದುವೋ ಆಗಿರಬಹುದು.

ಅದಕ್ಕೇ ಮೊದಲು ಮನೆಮಾತಿನ ಪಟ್ಟಿ ಮಾಡಿಕೊಂಡೆ. ದಾಖಲಾತಿ ವಹಿ ನಂಬಬೇಡಿ. "ಮನೇಲಿ ನೀರು ಹೆಂಗೆ ಕೇಳ್ತೀಯ?" ಅಂದರೆ 'ನೀಳ್ಳು' ತೆಲುಗು. ಲಂಬಾಣಿಯ 'ಪಾಣಿ', ಉರ್ದುವಿನ 'ಪಾನಿ' ಕಿವಿಗೆ ಒಂದೇ ಥರ ಕೇಳುತ್ತವೆ. ಅವ್ವನನ್ನು 'ಯಾಡಿ' ಅಂದರೆ ಲಂಬಾಣಿ, ಅನುಮಾನ ಹರಿಯಿತು.

3ರಿಂದ 5ನೇ ತರಗತಿಗೆ ಮೂರು ರಟ್ಟಿನ ಡಬ್ಬ ಸಾಕು: ನಗುಮುಖ, ಸಪ್ಪೆಮುಖ, ಅಳುಮುಖ. ಮನೆಮಾತಿಗೊಂದು ಕಾಳು: ಕನ್ನಡಕ್ಕೆ ಹುಣಸೆಬೀಜ, ತೆಲುಗಿಗೆ ಅವರೆ, ಲಂಬಾಣಿಗೆ ಮೆಕ್ಕೆಜೋಳ, ಉರ್ದುವಿಗೆ ಕಡಲೆ. (ಶೇಂಗಾ ಕೊಡಬೇಡಿ, ಡಬ್ಬ ಮುಟ್ಟುವ ಮೊದಲೇ ಬಾಯಿಗೆ ಹೋಗುತ್ತದೆ.) ಪ್ರತಿ ಪ್ರಶ್ನೆಗೂ ಮಕ್ಕಳು ಒಬ್ಬೊಬ್ಬರಾಗಿ ಹೋಗಿ, ತಮಗನಿಸಿದ ಮುಖದ ಡಬ್ಬಕ್ಕೆ ತಮ್ಮ ಕಾಳು ಹಾಕಿ ಬರಬೇಕು. ಡಬ್ಬಗಳು ಬೀರುವಿನ ಹಿಂದಿರಲಿ, ತಳಕ್ಕೆ ಹಳೇ ಬಟ್ಟೆ ಹಾಸಿ. ಇಲ್ಲದಿದ್ದರೆ ಟಪ್ ಅಂದದ್ದು ಯಾವ ಡಬ್ಬವೆಂದು ಹೊರಗಿದ್ದವರು ಕಿವಿಗೊಟ್ಟು ಲೆಕ್ಕ ಹಾಕುತ್ತಾರೆ. ಒಂದು ಭಾಷೆಯವರು ಐದಕ್ಕಿಂತ ಕಡಿಮೆ ಇದ್ದರೆ ಬೇರೆ ಕಾಳು ಬೇಡ, ಯಾರದೆಂದು ಗೊತ್ತಾಗಿಬಿಡುತ್ತದೆ.

ಮಗುವಿಗೆ 20 ಸೆಕೆಂಡು ಅಂದರೂ 30 ಮಕ್ಕಳಿಗೆ, ಒಂದು ಪ್ರಶ್ನೆಗೆ 10 ನಿಮಿಷ. ದಿನಕ್ಕೆ ಮೂರರಂತೆ, ಮೂರು ದಿನಕ್ಕೆ ಒಂಬತ್ತು ಪ್ರಶ್ನೆ. ಅದಕ್ಕೂ ಹೆಚ್ಚಾದರೆ ಎಲ್ಲಾ ಕಾಳೂ ಹತ್ತಿರದ ಡಬ್ಬಕ್ಕೆ.

ಪ್ರಶ್ನೆಯ ಮಾತೇ ಕಷ್ಟದ ಕೆಲಸ. "ಓದೋಕೆ ಬೇಜಾರು, ಹೌದಾ?" ಅಂದರೆ ಬೇಜಾರಾದವನು ಹೌದೆಂದು ನಗುಮುಖಕ್ಕೆ ಹಾಕುತ್ತಾನೆ. ಹೌದು-ಅಲ್ಲ ಬಿಟ್ಟು ಹೀಗೆ ಕೇಳಬೇಕು: "ಕಳೆಯೋ ಲೆಕ್ಕ ಮನೆಮಾತಲ್ಲಿ ಹೇಳಿಕೊಟ್ರೆ ನಿನ್ನ ಮುಖ ಹೆಂಗಾಗುತ್ತೆ?" "ಎಲ್ಲರ ಮುಂದೆ ಮನೆಮಾತಲ್ಲಿ ಉತ್ತರ ಹೇಳು ಅಂದ್ರೆ?" ನಮ್ಮಲ್ಲಿ ಮೊದಲನೆಯದಕ್ಕೆ ನಗುಮುಖದ ಡಬ್ಬ ತುಂಬಿತು, ಎರಡನೆಯದಕ್ಕೆ ಅವರೆ, ಮೆಕ್ಕೆಜೋಳ ಅಳುಮುಖಕ್ಕೆ ಬಿದ್ದವು. ಬೇಡವಾದದ್ದು ಭಾಷೆಯಲ್ಲ, ನಗೆಪಾಟಲು. ಒಂಬತ್ತನ್ನೂ ಕೂಡಿ ಒಂದೇ ಅಂಕ ಮಾಡಿದ್ದರೆ ಇದು ಕಾಣುತ್ತಲೇ ಇರಲಿಲ್ಲ.

2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದ ಮೇಲೆ ಇಂಗ್ಲಿಷ್ ಪಾಠದ ಪ್ರಶ್ನೆಯನ್ನೂ ಬಿಡುವಂತಿಲ್ಲ. ಇಂಗ್ಲಿಷ್‌ಗೂ ಮನೆಮಾತಿಗೂ ಎರಡಕ್ಕೂ ನಗುಮುಖ ಬರುತ್ತದೆ, ಗಾಬರಿ ಬೇಡ.

15 ದಿನ ಬಿಟ್ಟು ಬೇರೆ ಟೀಚರ್ ಕೈಲಿ ಅದೇ ಒಂಬತ್ತನ್ನು ಕೇಳಿಸಿ. ಕಾಳುಗಳು ಡಬ್ಬ ಬದಲಿಸಿದ ಪ್ರಶ್ನೆ ಮಕ್ಕಳಿಗೆ ಅರ್ಥವಾಗಿಲ್ಲ, ಇಲ್ಲವೇ ಮೊದಲ ಸಲ ನಿಮ್ಮ ಮುಖ ನೋಡಿ ಹಾಕಿದ್ದಾರೆ. ಅದನ್ನು ಪಟ್ಟಿಯಿಂದ ತೆಗೆಯಿರಿ.