ಸ್ಟೀಲ್ ಗಿಟಾರಿನ ಜಾಡು ಹಿಡಿದು

ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ರಾಕ್ ಜೊತೆ ಬೆರೆತದ್ದು ಕಂಟ್ರಿ ರಾಕ್. ಹಾಗೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಈಗಲ್ಸ್ ತಂಡ. ಬೆಂಗಳೂರಿನಲ್ಲಿ ಗಿಟಾರ್ ಹಿಡಿದ ಕಾಲೇಜು ಮಕ್ಕಳಲ್ಲಿ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಕಲಿಯದೆ ಬಿಟ್ಟವರು ಕಡಿಮೆ. ನಾನೂ ಅಲ್ಲಿಂದಲೇ ಹೊರಟದ್ದು. ಆದರೆ ಇವತ್ತು ನನಗೆ ತೀರ ಹತ್ತಿರವಾಗಿರುವ ಆಲ್ಬಂಗಳಲ್ಲಿ ಬಹಳಷ್ಟು, ಬಂದ ಕಾಲಕ್ಕೆ ಮಾರಾಟವಾಗದೆ ಮೂಲೆ ಸೇರಿದವು. ಅವುಗಳ ಹತ್ತಿರ ನನ್ನನ್ನು ಕರೆದುಕೊಂಡು ಹೋದದ್ದು ರೆಕಾರ್ಡ್ ಕವರಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗುವ ಹೆಸರುಗಳು. ಹಾಡಿದವರು ಯಾರೆಂದು ನೋಡುವುದಕ್ಕಿಂತ ಮೊದಲು ನುಡಿಸಿದವರು ಯಾರೆಂದು ನೋಡುವ ಅಭ್ಯಾಸವೇ ನನ್ನ ಇಡೀ ವಿಧಾನ.

ಈಗಲ್ಸ್‌ನ ಮೊದಲ ಆಲ್ಬಂ 1972ರದು. ಅದರಲ್ಲಿ ‘ಟ್ರೈನ್ ಲೀವ್ಸ್ ಹಿಯರ್ ದಿಸ್ ಮಾರ್ನಿಂಗ್’ ಎಂಬ ಮೆಲುದನಿಯ ಹಾಡಿದೆ. ಬರೆದವರು ಇಬ್ಬರು, ಬರ್ನಿ ಲೆಡನ್ ಮತ್ತು ಜೀನ್ ಕ್ಲಾರ್ಕ್. ಲೆಡನ್ ಈಗಲ್ಸ್‌ನವನೇ; ಕ್ಲಾರ್ಕ್ ಯಾರು? ಅವನನ್ನು ಹುಡುಕಿಕೊಂಡು ಹೋದರೆ 1968ರ ‘ದಿ ಫೆಂಟಾಸ್ಟಿಕ್ ಎಕ್ಸ್‌ಪೆಡಿಷನ್ ಆಫ್ ಡಿಲ್ಲರ್ಡ್ ಅಂಡ್ ಕ್ಲಾರ್ಕ್’ ಸಿಗುತ್ತದೆ. ಅದೇ ಹಾಡು ಅಲ್ಲಿ ಈಗಲ್ಸ್‌ಗಿಂತ ನಾಲ್ಕು ವರ್ಷ ಮೊದಲೇ ಇದೆ, ಡಗ್ ಡಿಲ್ಲರ್ಡ್‌ನ ಜೋಡಿ ಜೊತೆಗಿದೆ, ಲೆಡನ್ ಕೂಡ ಇದ್ದಾನೆ. ಆಮೇಲೆ ಈಗಲ್ಸ್ ತಂಡದ ಉಳಿದ ಮೂವರನ್ನೂ ಹೀಗೆಯೇ ಹಿಂದಕ್ಕೆ ಹಿಂಬಾಲಿಸಿದೆ. ರಾಂಡಿ ಮೈಸ್ನರ್ ಪೊಕೊ ತಂಡದಿಂದ ಬಂದವನು. ಗ್ಲೆನ್ ಫ್ರೇ ‘ಲಾಂಗ್‌ಬ್ರಾಂಚ್ ಪೆನ್ನಿವಿಸಲ್’ ಎಂಬ ಜೋಡಿಯಲ್ಲಿ ಜೆ.ಡಿ. ಸೌತರ್ ಜೊತೆ ಹಾಡುತ್ತಿದ್ದ. ಡಾನ್ ಹೆನ್ಲಿ ಶೈಲೋ ಎಂಬ ತಂಡದ ಡ್ರಮ್ಮರ್. ಒಂದು ಜನಪ್ರಿಯ ಆಲ್ಬಂನ ಬೆನ್ನಿಗೆ ಯಾರೂ ಹೆಸರೆತ್ತದ ನಾಲ್ಕು ದಾರಿಗಳು!

ಇಲ್ಲಿಂದ ಒಂದು ನೋಟ್‌ಬುಕ್ ಇಟ್ಟುಕೊಂಡೆ. ಒಬ್ಬ ವಾದ್ಯಗಾರನಿಗೆ ಒಂದು ಪುಟ. ಅವನು ನುಡಿಸಿದ ಆಲ್ಬಂಗಳು ವರ್ಷದ ಕ್ರಮದಲ್ಲಿ ಕೆಳಗೆ ಇಳಿಯುತ್ತವೆ; ಪ್ರತಿಯೊಂದರ ಪಕ್ಕದಲ್ಲಿ ಅವನ ನುಡಿಸಾಣಿಕೆ ಕಿವಿಗೆ ಬಿದ್ದ ಒಂದು ಜಾಗ, ನಿಮಿಷ ಸೆಕೆಂಡಿನ ಸಮೇತ. ಸ್ಟ್ರೀಮಿಂಗ್‌ನಲ್ಲಿ ಈ ಹೆಸರುಗಳು ಪೂರ್ತಿಯಾಗಿ ಸಿಗುವುದು ಅಪರೂಪ. ಆದ್ದರಿಂದ ಹಳೆಯ ಎಲ್‌ಪಿಯ ಹಿಂಬದಿಯ ಫೋಟೋ ಹುಡುಕಿ, ದೊಡ್ಡದು ಮಾಡಿ ಓದುತ್ತೇನೆ. ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಂಥ ಕಡೆ ಹಳೆಯ ಪ್ಲೇಟುಗಳ ರಾಶಿಯಲ್ಲಿ ಕೈಯಾಡಿಸಿದರೆ ಜಿಮ್ ರೀವ್ಸ್, ಜಾನ್ ಡೆನ್ವರ್, ಕೆನ್ನಿ ರಾಜರ್ಸ್ ಸಿಗಬಹುದು. ನಮ್ಮ ಕೆಲವು ಮನೆಗಳಲ್ಲಿ ಅವರ ದನಿ ಚೆನ್ನಾಗಿ ಪರಿಚಿತ. ನಾನು ಹೇಳುವ ಆಲ್ಬಂಗಳು ಆ ರಾಶಿಯಲ್ಲಿ ಸಿಗುವ ಆಸೆ ಇಟ್ಟುಕೊಳ್ಳಬೇಡಿ. ಆದರೂ ಆ ರಾಶಿಯಿಂದಲೇ ಒಂದು ಎಳೆ ಹೊರಡುತ್ತದೆ: ಡಾನ್ ಹೆನ್ಲಿಯ ಶೈಲೋ ತಂಡದ ಒಂದೇ ಒಂದು ಆಲ್ಬಂ 1970ರಲ್ಲಿ ಬಂತು, ಅದರ ನಿರ್ಮಾಪಕ ಇದೇ ಕೆನ್ನಿ ರಾಜರ್ಸ್.

ಆ ಆಲ್ಬಂ ಬಹಳ ದೊಡ್ಡದೇನಲ್ಲ. ಮರೆತುಹೋದದ್ದೆಲ್ಲ ಮುತ್ತು ಎನ್ನುವ ನಂಬಿಕೆ ನನಗಿಲ್ಲ. ಆದರೆ ಅದರಲ್ಲಿ ಪೆಡಲ್ ಸ್ಟೀಲ್ ಎಂಬ ಗಿಟಾರ್ ನುಡಿಸಿದವನು ಅಲ್ ಪರ್ಕಿನ್ಸ್, ನನ್ನ ನೋಟ್‌ಬುಕ್ಕಿನ ಅತಿ ಉದ್ದದ ಪುಟ ಅವನದೇ. ಶೈಲೋ ಮುಗಿದ ಮೇಲೆ ಅವನು ಫ್ಲೈಯಿಂಗ್ ಬರಿಟೊ ಬ್ರದರ್ಸ್ ತಂಡ ಸೇರಿದ. ಅಲ್ಲಿಂದ ಸ್ಟೀಫನ್ ಸ್ಟಿಲ್ಸ್‌ನ ಮನಾಸಸ್ ತಂಡಕ್ಕೆ ಹೋದ. 1972ರಲ್ಲಿ ಬಂದ ರೋಲಿಂಗ್ ಸ್ಟೋನ್ಸ್‌ನ ‘ಎಕ್ಸೈಲ್ ಆನ್ ಮೇನ್ ಸ್ಟ್ರೀಟ್’ನಲ್ಲಿ ‘ಟಾರ್ನ್ ಅಂಡ್ ಫ್ರೇಡ್’ ಹಾಡಿಗೆ ಸ್ಟೀಲ್ ನುಡಿಸಿದವನು ಅವನೇ. ಆಮೇಲೆ ಕಂಟ್ರಿ ರಾಕ್ ಗಾಯಕ ಗ್ರಾಂ ಪಾರ್ಸನ್ಸ್‌ನ ‘ಜಿಪಿ’ ಮತ್ತು ‘ಗ್ರೀವಸ್ ಏಂಜಲ್’. ಸ್ಟೋನ್ಸ್ ಹಾಡನ್ನು ಎಷ್ಟೋ ವರ್ಷದಿಂದ ಕೇಳಿದ್ದವಳು ನಾನು. ಪರ್ಕಿನ್ಸ್‌ನ ಪುಟ ತೆರೆದಿಟ್ಟುಕೊಂಡು ಮತ್ತೆ ಕೇಳಿದಾಗ ಹಾಡಿನ ಒಳಗಿಂದ ಪರಿಚಿತ ದನಿಯೊಂದು ಎದ್ದು ಬಂತು.

ಪೆಡಲ್ ಸ್ಟೀಲ್ ಹಿಂದೆಯೇ ಯಾಕೆ ಬಿದ್ದೆ ಎಂದರೆ, ಆ ವಾದ್ಯ ನಮ್ಮ ಕಿವಿಗೆ ಬೇಗ ಒಗ್ಗುತ್ತದೆ. ಹವಾಯಿಯಿಂದ ಬಂದ ಸ್ಟೀಲ್ ಗಿಟಾರಿನ ವಂಶದ್ದು ಅದು. ಅದೇ ವಂಶದ ಇನ್ನೊಂದು ಕವಲು ಹಿಂದೂಸ್ತಾನಿ ಸ್ಲೈಡ್ ಗಿಟಾರ್ ಆಗಿ ಬೆಳೆಯಿತು. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರನ್ನು ಕೇಳಿದವರಿಗೆ ಅದು ಗೊತ್ತು. ಗೋಟುವಾದ್ಯ ಕೇಳಿ ಬೆಳೆದವರಿಗಂತೂ ತಂತಿಯ ಮೇಲೆ ಜಾರಿಕೊಂಡು ಸ್ವರ ಮುಟ್ಟುವುದು ಹೊಸದಲ್ಲ. ಆದರೆ ಪೆಡಲ್ ಸ್ಟೀಲ್‌ನಲ್ಲಿ ನಡೆಯುವುದು ಬೇರೆಯದೇ. ಎಡಗೈಯ ಉಕ್ಕಿನ ಸರಳು ನಿಂತಲ್ಲೇ ನಿಂತಿರುತ್ತದೆ. ಕಾಲಲ್ಲಿ ಪೆಡಲ್ ಒತ್ತಿದಾಗ ಬೇಕಾದ ತಂತಿ ಮಾತ್ರ ಬಿಗಿಯಾಗಿ ಶ್ರುತಿ ಏರುತ್ತದೆ. ನ್ಯಾಶ್‌ವಿಲ್‌ನವರು ಹೆಚ್ಚಾಗಿ ಬಳಸುವ ‘ಇ ನೈನ್ತ್’ ಎಂಬ ಹತ್ತು ತಂತಿಯ ಶ್ರುತಿಯಲ್ಲಿ ಮೊದಲ ಎರಡು ಪೆಡಲ್ ಒಟ್ಟಿಗೆ ಒತ್ತಿದರೆ ಷಡ್ಜ ಕದಲುವುದಿಲ್ಲ, ಅಂತರ ಗಾಂಧಾರ ಶುದ್ಧ ಮಧ್ಯಮಕ್ಕೆ ಜಾರುತ್ತದೆ, ಪಂಚಮ ಚತುಶ್ರುತಿ ಧೈವತಕ್ಕೆ ಜಾರುತ್ತದೆ. ಒಂದು ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು, ನಮ್ಮ ಕಣ್ಣೆದುರೇ ಕರಗಿ ಇನ್ನೊಂದಾಗುತ್ತದೆ. ಸ-ಗ-ಪ ಹೋಗಿ ಸ-ಮ-ದ ಆಗುವ ಆ ಗಳಿಗೆ ಗುರುತಿಸುವುದಕ್ಕೆ ಬಂದ ದಿನದಿಂದ ಈ ಸಂಗೀತ ನನ್ನದಾಯಿತು. ಎದೆ ಹಿಂಡುವ ಹಾಡುಗಳಲ್ಲಿ ಹಾಡುಗಾರ ಮಾತು ಮುಗಿಸಿದ ಕೂಡಲೇ ಅದು ಬರುತ್ತದೆ, ಗಮನಿಸಿ ನೋಡಿ.

ಇದನ್ನೆಲ್ಲ ಮುರಿದವನೂ ಒಬ್ಬನಿದ್ದಾನೆ. ಸ್ನೀಕಿ ಪೀಟ್ ಕ್ಲೈನೌ. ‘ಗಂಬಿ’ ಎಂಬ ಜೇಡಿಮಣ್ಣಿನ ಬೊಂಬೆಯ ಟಿವಿ ಸರಣಿಗೆ ಅನಿಮೇಷನ್ ಮಾಡುತ್ತಿದ್ದ ಮನುಷ್ಯ. ಫ್ಲೈಯಿಂಗ್ ಬರಿಟೊ ಬ್ರದರ್ಸ್‌ನ ಮೊದಲ ಆಲ್ಬಂ ‘ದಿ ಗಿಲ್ಡೆಡ್ ಪ್ಯಾಲೆಸ್ ಆಫ್ ಸಿನ್’ನಲ್ಲಿ (1969) ಅವನು ಸ್ಟೀಲ್ ಗಿಟಾರನ್ನು ದನಿ ಒರಟು ಮಾಡುವ ಫಜ್ ಪೆಡಲ್‌ಗೆ ಸಿಕ್ಕಿಸಿ ನುಡಿಸಿದ. ಅಲ್ಲಿ ಲೀಡ್ ಗಿಟಾರಿನ ಕೆಲಸವೆಲ್ಲ ಅವನದೇ. ಗ್ರಾಂ ಪಾರ್ಸನ್ಸ್, ಕ್ರಿಸ್ ಹಿಲ್‌ಮನ್ ಇಬ್ಬರೂ ಅಣ್ಣತಮ್ಮಂದಿರಂತೆ ದನಿ ಕೂಡಿಸಿ ಹಾಡುತ್ತಿರುವಾಗ ಈ ಗರಗರ ಸದ್ದು ಪಕ್ಕದಿಂದ ನುಗ್ಗುತ್ತದೆ. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಈ ಆಲ್ಬಂ 164ರ ಮೇಲೆ ಏರಲಿಲ್ಲ. ನನ್ನ ಲೆಕ್ಕದಲ್ಲಿ ಕಂಟ್ರಿ ರಾಕ್‌ನಲ್ಲಿ ಇದಕ್ಕಿಂತ ಧೈರ್ಯದ ಕೆಲಸ ಇನ್ನೊಂದಿಲ್ಲ.

ಪಾರ್ಸನ್ಸ್‌ನನ್ನು ಅರ್ಥ ಮಾಡಿಕೊಳ್ಳುವುದಕ್ಕೆ ನಾನು ಮಾಡಿದ ಇನ್ನೊಂದು ಕೆಲಸ, ಒಂದೇ ಹಾಡನ್ನು ಎರಡು ದನಿಯಲ್ಲಿ ಬೆನ್ನಿಗೆ ಬೆನ್ನು ಕೇಳುವುದು. ಬರ್ಡ್ಸ್ ತಂಡದ 1968ರ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ’ಗೆ ಅವನು ಹಾಡಿದ್ದ ಕೆಲವು ಹಾಡುಗಳನ್ನು, ಬೇರೆ ರೆಕಾರ್ಡ್ ಕಂಪನಿಯ ಜೊತೆಗಿದ್ದ ಅವನ ಹಳೆಯ ಕರಾರಿನ ತಕರಾರು ಎದ್ದದ್ದರಿಂದ, ಅದೇ ತಂಡದ ರೋಜರ್ ಮೆಗ್ವಿನ್ ಮತ್ತೆ ಹಾಡಬೇಕಾಯಿತು. 2003ರ ಲೆಗಸಿ ಎಡಿಷನ್‌ನಲ್ಲಿ ಪಾರ್ಸನ್ಸ್‌ನ ಮೂಲ ದನಿಯೂ ಇದೆ. ‘ದಿ ಕ್ರಿಶ್ಚಿಯನ್ ಲೈಫ್’ ಎರಡನ್ನೂ ಕೇಳಿ. ಮೆಗ್ವಿನ್ ಕಂಟ್ರಿ ಗಾಯಕನ ವೇಷ ಹಾಕಿಕೊಂಡಂತೆ ಹಾಡುತ್ತಾನೆ. ಪಾರ್ಸನ್ಸ್‌ಗೆ ವೇಷ ಬೇಕಾಗಿಲ್ಲ.

ಕೇಳುವ ಬಗೆಯಲ್ಲೂ ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ಈ ಆಲ್ಬಂಗಳು ಎಲ್‌ಪಿಗೆಂದು ಕಟ್ಟಿದವು, ಒಂದೊಂದು ಸೈಡಿಗೆ ಸುಮಾರು 20 ನಿಮಿಷ. ಮೊದಲ ಸೈಡಿನ ಕೊನೆಯ ಹಾಡಿಗೂ ಎರಡನೆಯ ಸೈಡಿನ ಮೊದಲ ಹಾಡಿಗೂ ನಡುವೆ ಎದ್ದು ಹೋಗಿ ಪ್ಲೇಟು ಮಗುಚುವಷ್ಟು ಬಿಡುವು ಇದೆ ಎಂದು ಲೆಕ್ಕ ಹಾಕಿಯೇ ಹಾಡುಗಳನ್ನು ಜೋಡಿಸುತ್ತಿದ್ದರು. ಫೋನಿನಲ್ಲಿ ಆ ಬಿಡುವು ಮಾಯವಾಗುತ್ತದೆ, ಕೊನೆಗೆ ಬೋನಸ್ ಹಾಡುಗಳು ಬಾಲದಂತೆ ಅಂಟಿಕೊಳ್ಳುತ್ತವೆ. ನಾನು ಮೂಲ ಕ್ರಮ ನೋಡಿಕೊಂಡು ಪ್ರತಿ ಆಲ್ಬಂಗೂ ಎರಡು ಪ್ಲೇಲಿಸ್ಟ್ ಮಾಡುತ್ತೇನೆ, ಬೋನಸ್ ಹಾಡುಗಳನ್ನು ಕಿತ್ತು ಬೇರೆ ಇಡುತ್ತೇನೆ. ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಒಂದು ಸೈಡ್, ಅಷ್ಟೇ. ಅದನ್ನೇ ವಾರವಿಡೀ. ಮನಾಸಸ್‌ನ ಜೋಡಿ ಎಲ್‌ಪಿಗೆ ಇದು ತೀರಾ ಅಗತ್ಯ. ಅದರ ನಾಲ್ಕು ಸೈಡಿಗೂ ಬೇರೆಬೇರೆ ಹೆಸರಿದೆ, ‘ದಿ ವೈಲ್ಡರ್‌ನೆಸ್’ ಎಂಬ ಎರಡನೆಯ ಸೈಡ್ ಪೂರ್ತಿ ಕಂಟ್ರಿ. ಸಾಲಾಗಿ ಒಂದೂಕಾಲು ಗಂಟೆ ಕೇಳಿದರೆ ಆ ಸೈಡ್ ಎಲ್ಲೋ ಕರಗಿಹೋಗುತ್ತದೆ.

ಈ ಬಗೆಯಲ್ಲಿ ಕೇಳಿದ್ದರಿಂದಲೇ ನನಗೆ ದಕ್ಕಿದ್ದು ಜೀನ್ ಕ್ಲಾರ್ಕ್‌ನ ‘ನೋ ಅದರ್’. 1974, ಅಸೈಲಂ ರೆಕಾರ್ಡ್ಸ್. ಬರ್ಡ್ಸ್‌ನ ಆರಂಭದ ದಿನಗಳಲ್ಲಿ ಹೆಚ್ಚಿನ ಹಾಡು ಬರೆದವನು ಕ್ಲಾರ್ಕ್. 1966ರಲ್ಲಿ ತಂಡ ಬಿಟ್ಟ, ವಿಮಾನದ ಭಯವೂ ಅದಕ್ಕೊಂದು ಕಾರಣ. 1971ರ ಅವನ ‘ವೈಟ್ ಲೈಟ್’ ಹೆಚ್ಚಾಗಿ ಗಿಟಾರು, ಹಾರ್ಮೋನಿಕಾ, ಒಂದು ಒಂಟಿ ದನಿ, ಇವುಗಳ ಮೇಲೆಯೇ ನಿಂತಂಥದ್ದು. ‘ನೋ ಅದರ್’ ಅದಕ್ಕೆ ಪೂರಾ ವಿರುದ್ಧ. ನಿರ್ಮಾಪಕ ಥಾಮಸ್ ಜೆಫರ್ಸನ್ ಕೇ ಜೊತೆ ಸ್ಟುಡಿಯೋದಲ್ಲಿ ಕುಳಿತು ದನಿಯ ಮೇಲೆ ದನಿ ಹೇರಿದರು. ಖರ್ಚು ಒಂದು ಲಕ್ಷ ಡಾಲರ್ ದಾಟಿತು. ಕೈಗೆ ಬಂದದ್ದು ಎಂಟೇ ಹಾಡು. ಕಂಪನಿಯ ಯಜಮಾನ ಡೇವಿಡ್ ಗೆಫೆನ್‌ಗೆ ಸಿಟ್ಟು ಬಂತು, ಪ್ರಚಾರವೂ ನಡೆಯಲಿಲ್ಲ. ಕ್ಲಾರ್ಕ್ 1991ರಲ್ಲಿ, 46ನೇ ವಯಸ್ಸಿನಲ್ಲಿ ತೀರಿಕೊಂಡ. 2019ರಲ್ಲಿ 4ಎಡಿ ಕಂಪನಿ ಅದನ್ನು ಒಪ್ಪವಾಗಿ ಮತ್ತೆ ಹೊರತಂದ ಮೇಲೆ ಬಹಳ ಜನ ಅದನ್ನು ಮೊದಲ ಸಲ ಕೇಳಿದರು. ನಾನೂ ಅವರಲ್ಲಿ ಒಬ್ಬಳು.

ನಾಲ್ಕು ಹಾಡು, ಮಗುಚು, ಮತ್ತೆ ನಾಲ್ಕು. ‘ಲೈಫ್ಸ್ ಗ್ರೇಟೆಸ್ಟ್ ಫೂಲ್’ ಊರ ಕಂಟ್ರಿ ಬ್ಯಾಂಡ್‌ನಂತೆ ಶುರುವಾಗುತ್ತದೆ, ಹಿಮ್ಮೇಳದ ಹೆಂಗಸರು ದನಿ ಕೂಡಿಸುವ ಹೊತ್ತಿಗೆ ಚರ್ಚಿನೊಳಗೆ ಕುಳಿತಂತಿರುತ್ತದೆ. ಸೈಡ್ ಮುಗಿಸುವ ‘ಸ್ಟ್ರೆಂತ್ ಆಫ್ ಸ್ಟ್ರಿಂಗ್ಸ್’ನಲ್ಲಿ ಮಾತು ಬರುವುದಕ್ಕೆ ಎಷ್ಟೋ ಹೊತ್ತು ಬೇಕು, ಬರೀ ಆಲಾಪದಲ್ಲೇ ಹಾಡು ಮೇಲೇಳುತ್ತದೆ, ಸಂಗೀತವೇ ತನಗೆ ಏನು ಮಾಡುತ್ತದೆ ಎಂದು ಅವನು ಹಾಡುತ್ತಾನೆ. ಎರಡನೆಯ ಸೈಡಿನ ‘ಸಮ್ ಮಿಸ್‌ಅಂಡರ್‌ಸ್ಟ್ಯಾಂಡಿಂಗ್’ ಸುಮಾರು ಎಂಟು ನಿಮಿಷ, ಅದರ ಒಂದು ಕ್ಷಣವೂ ನನಗೆ ಹೆಚ್ಚೆನಿಸಿಲ್ಲ. ಇಷ್ಟು ನೋವನ್ನು ಇಷ್ಟು ನಿಧಾನವಾಗಿ, ದೂರು ಹೇಳದೆ ಹಾಡಿದ ರಾಕ್ ಗಾಯಕನನ್ನು ನಾನು ಬೇರೆ ಕೇಳಿಲ್ಲ.

ಪೊಕೊ ಬಗ್ಗೆ ಒಂದೇ ಮಾತು: ರಸ್ಟಿ ಯಂಗ್ ಸ್ಟೀಲ್ ಗಿಟಾರನ್ನು ಆರ್ಗನ್ನಿನ ಲೆಸ್ಲಿ ಸ್ಪೀಕರಿನಲ್ಲಿ ಹಾಯಿಸಿ ನುಡಿಸುತ್ತಿದ್ದ, ಆರ್ಗನ್ ಎಂದೇ ಮೋಸಹೋಗುತ್ತೀರಿ. ಅವರ ‘ಎ ಗುಡ್ ಫೀಲಿನ್ ಟು ನೋ’ (1972) ಕೇಳಿ.

ಇವುಗಳಲ್ಲಿ ಯಾವುದರಿಂದ ಶುರು ಮಾಡಲಿ ಎಂದು ಕೇಳುವ ಗೆಳತಿಯರಿಗೆ ನಾನು ಕೊಡುವುದು ಮೈಕೆಲ್ ನೆಸ್ಮಿತ್‌ನ ‘ಅಂಡ್ ದಿ ಹಿಟ್ಸ್ ಜಸ್ಟ್ ಕೀಪ್ ಆನ್ ಕಮಿನ್’. ದಿ ಮಂಕೀಸ್ ಎಂಬ ಟಿವಿ ತಂಡದ ಹುಡುಗ ಎಂದು ವಿಮರ್ಶಕರು ಅವನನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. 1972ರ ಈ ಆಲ್ಬಂನಲ್ಲಿ ಇಬ್ಬರೇ ಇದ್ದಾರೆ: ನೆಸ್ಮಿತ್‌ನ ಗಿಟಾರು ಮತ್ತು ದನಿ, ರೆಡ್ ರೋಡ್ಸ್‌ನ ಪೆಡಲ್ ಸ್ಟೀಲ್. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ಸ-ಗ-ಪ ಜಾರಿ ಸ-ಮ-ದ ಆಗುವುದನ್ನು ಬಿಡಿಬಿಡಿಯಾಗಿ ಕೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. 1967ರಲ್ಲಿ ಲಿಂಡಾ ರಾನ್‌ಸ್ಟಾಟ್ ದನಿಯಲ್ಲಿ ಹಿಟ್ ಆಗಿದ್ದ ‘ಡಿಫರೆಂಟ್ ಡ್ರಮ್’ ನೆಸ್ಮಿತ್ ಬರೆದದ್ದು. ಇಲ್ಲಿ ಅದನ್ನು ಅವನೇ ಆತುರವಿಲ್ಲದೆ ಹಾಡಿದ್ದಾನೆ. ಅದು ಹಿಡಿಸಿದರೆ ಇದೇ ಜೋಡಿ ಫಸ್ಟ್ ನ್ಯಾಷನಲ್ ಬ್ಯಾಂಡ್‌ನಲ್ಲಿ ಮಾಡಿದ 1970ರ ‘ಮ್ಯಾಗ್ನೆಟಿಕ್ ಸೌತ್’ಗೆ ಹೋಗಿ, ಆಮೇಲೆ ಜೇಮ್ಸ್ ಟೇಲರ್‌ನ ‘ಸ್ವೀಟ್ ಬೇಬಿ ಜೇಮ್ಸ್’ ತೆಗೆಯಿರಿ. ಎಲ್ಲರೂ ಕೇಳಿರುವ ಆಲ್ಬಂ ಅದು. ಸ್ಟೀಲ್ ಗಿಟಾರ್ ನುಡಿಸಿದವನು ರೆಡ್ ರೋಡ್ಸ್.